ಕುಂಡ್ರಿ ಅನ್ನದ ಓಣಿ

ನರ್ಸಬಾಯಿಗೆ ನಮ್ಮ ಓಣಿಯಲ್ಲಿ ಯಾರೂ ‘ಕುಂಡ್ರಿ’ ಅನ್ನುತ್ತಿರಲಿಲ್ಲ.

ಇದು ಎಂಥ ಮಾತು ಅನ್ನುವುದು ನಮ್ಮ ಕಡೆಯವರಿಗೆ ತಿಳಿಯುತ್ತದೆ. ಬಾಗಿಲಿಗೆ ಬಂದವರು ಬೀಗರಿರಲಿ, ಬಳೆಗಾರನಿರಲಿ, ಜಗಳಕ್ಕೆಂದೇ ಬಂದವಳಿರಲಿ, ಮೊದಲು ‘ಬರ್ರಿ, ಕುಂಡ್ರಿ’ ಅಂದು ಒಂದು ಚರಗಿ ನೀರು ಕೊಡಬೇಕು, ಬಾಕಿ ಮಾತೆಲ್ಲ ಆಮೇಲೆ. ಅಷ್ಟೂ ಅನ್ನದಿದ್ದರೆ ಮುಖದ ಮೇಲೆ ಕದ ಹಾಕಿದ ಹಾಗೆ. ಅಂಥದರಲ್ಲಿ ನಮ್ಮ ಓಣಿಯವರು, ಕೂಸಿಗೆ ಜ್ವರ ಬಂದರೆ ನರ್ಸಬಾಯಿಯ ದಾರಿ ಕಾಯುತ್ತಿದ್ದವರು, ಬೇನೆ ಶುರುವಾದರೆ ಅವರನ್ನೇ ಕರೆಯಲು ಓಡುತ್ತಿದ್ದವರು, ಅವರು ಬಾಗಿಲಿಗೆ ಬಂದ ಕೂಡಲೆ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದರು. ಮಣೆ ಇದ್ದರೆ ಎತ್ತಿ ಒಳಗಿಡುತ್ತಿದ್ದರು.

ಬಾಯಿ ತೀರಿಕೊಂಡ ಸುದ್ದಿ ಬಂದಾಗಿನಿಂದ ನನಗೆ ಒಂದು ಕಡೆ ಕೂಡ್ರಲಿಕ್ಕೆ ಆಗುತ್ತಿಲ್ಲ. ರೊಟ್ಟಿ ಬಡಿಯುತ್ತ ನಡುವೆ ಏಳುತ್ತೇನೆ. ಅಕ್ಕಿ ಆರಿಸುತ್ತ ಏಳುತ್ತೇನೆ. ಬಾಗಿಲಿಗೆ ಹೋಗಿ ಹಳ್ಳದ ದಾರಿ ನೋಡಿ ಬರುತ್ತೇನೆ. ಯಾರೂ ಬರುವವರಿರುವುದಿಲ್ಲ. ಮತ್ತೆ ಕೂಡ್ರುತ್ತೇನೆ, ಮತ್ತೆ ಏಳುತ್ತೇನೆ. ನಾನು ಏಳನೆಯ ಇಯತ್ತೆಯ ತನಕ ಕಲಿತವಳು, ಬರೆಯುವ ರೂಢಿ ಇಲ್ಲ. ಬರೆಯುವಷ್ಟು ಹೊತ್ತಾದರೂ ಕೂತಿರುತ್ತೇನೋ ನೋಡೋಣ ಅಂತ ಬರೆಯುತ್ತಿದ್ದೇನೆ.

ನಮ್ಮ ಓಣಿ ಸಿಂದಗಿಗೆ ಸೇರಿದ್ದೂ ಹೌದು, ಸೇರದ್ದೂ ಹೌದು. ನಡುವೆ ಒಂದು ಹಳ್ಳ. ಆಚೆ ಪೇಟೆ, ಸಾಲೆ, ದವಾಖಾನೆ. ಈಚೆ ನಾವು. ಮೋರಟಗಿ ಕಡೆಯಿಂದ, ಇನ್ನೂ ಎಲ್ಲೆಲ್ಲಿಂದಲೋ ರಸ್ತೆ ಕೆಲಸಕ್ಕೆ, ಕಲ್ಲು ಒಡೆಯಲಿಕ್ಕೆ, ಪೇಟೆಯ ಹಮಾಲಿಗೆ ಬಂದ ಮಂದಿ. ಕೆಲಸ ಮುಗಿದ ಮೇಲೆ ಹೋಗುತ್ತೇವೆ ಅಂತ ಬಂದವರು, ಹೋಗಲಿಲ್ಲ. ತಗಡು, ಗೋಣಿ ತಟ್ಟು, ಜೋಳದ ಕಣಿಕೆ, ಇವೇ ಗೋಡೆ. ನಳ ಇಲ್ಲ. ಹಳ್ಳದ ಉಸುಕಿನಲ್ಲಿ ಕೈಯಿಂದ ತೋಡಿದ ವರತೆಯ ನೀರೇ ಕುಡಿಯಲಿಕ್ಕೆ. ಅದೇ ಹಳ್ಳದ ಮೇಲಿನ ಬದಿಗೆ ಬೆಳಿಗ್ಗೆ ಎಲ್ಲರೂ ಬಯಲಿಗೆ ಹೋಗುತ್ತಿದ್ದೆವು. ಪೇಟೆಯವರು ನಮ್ಮನ್ನು ಹಳ್ಳದಾಚೆಯವರು ಅನ್ನುತ್ತಿದ್ದರು. ನಮಗೂ ಅವರು ಹಳ್ಳದಾಚೆಯವರೇ, ಆದರೆ ನಾವು ಹಾಗೆ ಅಂದದ್ದಿಲ್ಲ.

ನಾನು ಮದುವೆಯಾಗಿ ಈ ಓಣಿಗೆ ಬಂದಾಗ ನಮ್ಮ ಮನೆಯವರು ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದರು. ಅತ್ತೆ ಕಲ್ಲು ಒಡೆಯುತ್ತಿದ್ದರು. ಬಾಯಿ ಆಗಲೇ ಬರಲು ಶುರು ಮಾಡಿದ್ದರು. ಅವರ ಮೊದಲು ಇದ್ದ ನರ್ಸುಗಳು ಹಳ್ಳದ ಆಚೆಯ ದಂಡೆಯಲ್ಲಿ ನಿಂತು ಕೂಗಿ, ಯಾರಾದರೂ ಬಂದರೆ ಗುಳಿಗೆ ಕೊಟ್ಟು ಹೋಗುತ್ತಿದ್ದರಂತೆ. ಇವರು ಸೀರೆ ಎತ್ತಿ ಹಿಡಿದು ನೀರಿಗೆ ಇಳಿದವರು. ಮೊದಲು ಬಾಗೇವಾಡಿಯಲ್ಲಿ ಇದ್ದರು, ಆಮೇಲೆ ಮುದ್ದೇಬಿಹಾಳದಲ್ಲಿ, ಅಲ್ಲಿಂದ ಸಿಂದಗಿಗೆ. ಹುಟ್ಟಿದ್ದು ಮಹಾರಾಷ್ಟ್ರದ ಗಡಿಗೆ ಹತ್ತಿದ ಚಡಚಣದ ಕಡೆಯ ಹಳ್ಳಿಯಲ್ಲಿ. ಅದಕ್ಕೇ ಅವಸರವಾದರೆ ಬಾಯಲ್ಲಿ ಮರಾಠಿ ಬರುತ್ತಿತ್ತು. ‘ಚಲಾ ಚಲಾ’ ಅನ್ನುತ್ತ ಬಂದರೆ ಓಣಿಯ ನಾಯಿಗಳೂ ಸರಿದು ದಾರಿ ಬಿಡುತ್ತಿದ್ದವು. ಅವರಿಗೆ ಅವಸರ ಇಲ್ಲದ ದಿನ ನಾನು ನೋಡಲಿಲ್ಲ.

ಎತ್ತರದ ಆಳಲ್ಲ, ನಡಿಗೆ ಮಾತ್ರ ಎತ್ತರದವರದು. ಬಿಳಿ ಸೀರೆ, ಅದರ ಅಂಚಿಗೆ ಎರೆಮಣ್ಣಿನ ಇನ್ನೊಂದು ಅಂಚು. ಚಪ್ಪಲಿಯ ಉಂಗುಟಕ್ಕೆ ಪಿನ್ನು. ಬಗಲಿನ ಚೀಲದಲ್ಲಿ ಸೂಜಿಯ ಸ್ಟೀಲ್ ಡಬ್ಬಿ, ಹೆಜ್ಜೆ ಇಟ್ಟಂತೆ ಒಳಗೆ ಗಡಗಡ ಅನ್ನುತ್ತಿತ್ತು. ಬಾಗಿಲಲ್ಲಿ ನಿಂತು ಒಂದು ಕೈ ಚೌಕಟ್ಟಿಗೆ ಕೊಟ್ಟು ಕಣ್ಣು ಒಳಗೆ ಹಾಯಿಸುತ್ತಿದ್ದರು. ಕೂಸು ಎದೆ ಹಾಲು ಕುಡಿಯುತ್ತದೆಯೋ, ಮಗ್ಗಲು ಹೊರಳುತ್ತದೆಯೋ, ನಿನಗೆ ಈ ತಿಂಗಳು ಮುಟ್ಟಾಯಿತೋ ಇಲ್ಲವೋ ಅಂತ ಕೇಳುತ್ತಿದ್ದರು. ಉತ್ತರ ನಮ್ಮ ನಾಲಗೆಗೆ ಬರುವುದರೊಳಗೆ ಅವರ ಕಾಲು ಮುಂದಿನ ಮನೆಗೆ ಹೊರಟಿರುತ್ತಿತ್ತು. ಹಿಂದಿನಿಂದ ಕೂಗಿ ಹೇಳಬೇಕು. ಓಣಿಯಲ್ಲಿ ಯಾರಿಗೆ ದಿನ ನಿಂತಿದೆ ಅನ್ನುವುದು ಗಂಡನಿಗಿಂತ ಮೊದಲು ಎಲ್ಲರಿಗೂ ತಿಳಿಯುತ್ತಿದ್ದದ್ದು ಹೀಗೆ.

ಸೂಜಿ ಕುದಿಸಲಿಕ್ಕೆ ಯಾರ ಒಲೆ ಹೊತ್ತಿದೆಯೋ ಅಲ್ಲಿಗೆ ಹೋಗಿ ಡಬ್ಬಿ ಇಡುತ್ತಿದ್ದರು. ನಮ್ಮ ಓಣಿ ನೋಡಲಿಕ್ಕೆ ಒಂದು, ಒಳಗೆ ನಾಲ್ಕಾರು ಜಾತಿ. ಆ ಮನೆಯ ಒಲೆಯ ಮೇಲೆ ಕುದ್ದ ಸೂಜಿ ನಮ್ಮ ಮಕ್ಕಳಿಗೆ ಬೇಡ ಅಂತ ಒಬ್ಬಾಕೆ ಅಂದಳು. ಬಾಯಿ ವಾದ ಮಾಡಲಿಲ್ಲ. ‘ಹಂಗಾದ್ರ ನೀ ಲಗೂನ ಒಲಿ ಹೊತ್ತಸು’ ಅಂದರು. ಮುಂದಿನ ವಾರ ಬಾಯಿ ಬರುವ ಹೊತ್ತಿಗೆ ಓಣಿಯ ತುಂಬ ಹೊಗೆ. ಎಲ್ಲರೂ ನಮ್ಮಲ್ಲಿ ಹೊತ್ತಿದೆ, ನಮ್ಮಲ್ಲಿ ಹೊತ್ತಿದೆ ಅಂತ ಕೂಗುವವರೇ.

ಮಕ್ಕಳು ಅವರನ್ನು ಕಂಡರೆ ಜಾಲಿ ಗಿಡ ಹತ್ತುತ್ತಿದ್ದವು. ಬಾಯಿ ಗಿಡದ ಕೆಳಗೆ ಹೋಗಿ, ಮೇಲೆ ನೋಡದೆ, ಚೀಲದಿಂದ ಹುರಿದ ಶೇಂಗಾ ತೆಗೆದು ಸುಲಿದು ತಿನ್ನುತ್ತ ಅತ್ತಿಂದಿತ್ತ ತಿರುಗುತ್ತಿದ್ದರು. ಮಕ್ಕಳು ಒಂದೊಂದಾಗಿ ಇಳಿಯುತ್ತಿದ್ದವು. ಒಂದು ಕೈಗೆ ಶೇಂಗಾ, ಇನ್ನೊಂದು ಕೈಗೆ ಸೂಜಿ. ಅವರ ಊಟವೂ ಹಾಗೇ. ರೊಟ್ಟಿಗೆ ಶೇಂಗಾ ಹಿಂಡಿ ಸವರಿ, ಸುತ್ತಿ, ನಡೆಯುತ್ತಲೇ ತಿನ್ನುವುದು. ಹೆಂಗಸು ನಡೆಯುತ್ತ ತಿನ್ನುವುದು ನಮ್ಮಲ್ಲಿ ಶೋಭೆಯಲ್ಲ. ಕಟ್ಟೆಯ ಮೇಲಿನ ಮುದುಕನೊಬ್ಬ, ಎಮ್ಮೆ ಸಹ ನಿಂತು ತಿನ್ನುತ್ತದೆ, ನೀನು ಓಡುತ್ತ ತಿನ್ನುತ್ತಿ ಅಂತ ಚಾಷ್ಟಿ ಮಾಡಿದ. ‘ಎಮ್ಮಿಗೆ ಒಬ್ಬನ ಮಾಲಕ ಯಪ್ಪಾ. ನನಗ ಓಣಿ ತುಂಬ ಅದೀರಿ’ ಅಂದು ಮುಂದೆ ಹೋದರು.

ಮೊದಮೊದಲು ಎಲ್ಲರೂ ಅವರಿಗೆ ಕುಂಡ್ರಿ ಅಂದವರೇ. ಆಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು. ‘ಕುಂತ್ರ ಚಾ ಬರತೈತಿ, ಚಾ ಬಂದ್ರ ಮಾತ ಬರತೈತಿ, ಮಾತ ಬಂದ್ರ ಹೊತ್ತ ಹೋಗತೈತಿ.’ ಇನ್ನೊಂದು ಕಾರಣ ಅವರು ಹೇಳದಿದ್ದರೂ ನಮಗೆ ಗೊತ್ತಿತ್ತು. ಒಬ್ಬರ ಮನೆಯಲ್ಲಿ ಕುಳಿತು ನೀರು ಕುಡಿದರೆ ಇನ್ನೊಬ್ಬರ ಮನೆಯಲ್ಲಿ ಯಾಕೆ ಕೂಡ್ರಲಿಲ್ಲ ಅಂತ ಬರುತ್ತದೆ. ಆಮೇಲೆ ನಿಮ್ಮದು ಯಾವ ಜಾತಿ ಅಂತ ಬರುತ್ತದೆ. ಕೇಳಿದವರಿಗೆ ನನ್ನದು ಸರಕಾರದ ಜಾತಿ ಅನ್ನುತ್ತಿದ್ದರು.

ಹಾಗಾಗಿ ಅವರು ಕುಳಿತದ್ದು ಕೂಡ್ರಲೇಬೇಕಾದ ಕಡೆ ಮಾತ್ರ. ಮೊದಲನೆಯದು ನಮ್ಮ ಮನೆಯೇ. ನನ್ನ ನಾದಿನಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆ ಬೇಸಿಗೆಯಲ್ಲಿ ವರತೆ ಬತ್ತಿ ರಾಡಿಯಾಗಿತ್ತು. ಅವಳ ಗಂಡು ಕೂಸಿಗೆ ವಾಂತಿ ಭೇದಿ ಹತ್ತಿ, ಬಾಯಿ ಬರುವುದರೊಳಗೆ ಕೈ ಮೀರಿತ್ತು. ಅವರು ಮಣೆಯ ಮೇಲೆ ಕುಳಿತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಜೀವ ಅಲ್ಲೇ ಹೋಯಿತು. ಆಮೇಲೆ ಕ್ಷಯದ ಮುದುಕನೊಬ್ಬನ ಹತ್ತಿರ ಕುಳಿತರು, ಅವನೂ ಹೋದ. ರಕ್ತ ನಿಲ್ಲದ ಬಾಣಂತಿಯೊಬ್ಬಳ ತಲೆ ಹಿಡಿದು ಕುಳಿತರು, ಗಾಡಿ ಕಟ್ಟುವುದರೊಳಗೆ ಅವಳೂ ಹೋದಳು.

ನೀರು ತುಂಬುವಾಗ ನಮ್ಮ ಅತ್ತೆ ಒಂದು ಮಾತು ಅಂದರು. ‘ಆ ಬಾಯಿ ನಿಂತಿದ್ದರ ಚಲೋ. ಕುಂತ್ಲಂದ್ರ ಒಬ್ಬರನ್ನ ಕರಕೊಂಡ ಏಳ್ತಾಳ.’

ಅಷ್ಟೇ. ಸಂಜೆಯೊಳಗೆ ಆ ಮಾತು ಓಣಿಯ ಮಾತಾಯಿತು. ಉಳಿಯುವ ಭರವಸೆ ಕಡಿಮೆ ಇದ್ದ ಕಡೆಗಷ್ಟೇ ಬಾಯಿ ಕೂಡ್ರುತ್ತಾರೆ ಅಂತ ತಿರುವಿ ನೋಡಿದರೆ ತಿಳಿಯುವ ಸಂಗತಿ. ಆದರೆ ತೊಡೆಯ ಮೇಲೆ ಆಡಿಸಿದ ಮೊಮ್ಮಗನನ್ನು ಮಣ್ಣಿಗಿಟ್ಟು ಬಂದವರಿಗೆ ತಿರುವಿ ನೋಡು ಅನ್ನುವವರು ಯಾರು? ನಾನು ಆ ಮನೆಯ ಸೊಸೆ. ಅತ್ತೆಯ ಎದುರು ಹೌದು, ಇಲ್ಲ ಎರಡನ್ನೂ ತಲೆಯಿಂದಲೇ ಹೇಳುತ್ತಿದ್ದವಳು.

ಬಾಯಿಗೆ ಇದು ತಿಳಿಯದೆ ಇರಲಿಲ್ಲ. ಚಾಪೆ ಸುತ್ತುವುದು ಕಣ್ಣಿಗೆ ಕಾಣುತ್ತದೆಯಲ್ಲ. ಬಹಳ ದಿನದ ಮೇಲೆ, ನಿಮಗೆ ಸಿಟ್ಟು ಬರುವುದಿಲ್ಲವೇ ಅಂತ ನಾನು ಕೇಳಿದ್ದೆ. ‘ಸಿಟ್ಟ್ಯಾಕ ತಂಗಿ? ನನ್ನ ಹೊತ್ತ ಉಳೀತು’ ಅಂದಿದ್ದರು. ಅಂದು ಚೀಲ ಬಗಲಿಗೆ ಏರಿಸಿಕೊಂಡರು. ಆದರೆ ಸ್ವಲ್ಪ ದೂರ ಹೋಗಿ ನಿಂತು, ಚಪ್ಪಲಿಯ ಪಿನ್ನು ಸರಿ ಮಾಡಿಕೊಂಡರು. ಪಿನ್ನು ಸರಿಯಾಗೇ ಇತ್ತು.

ನನ್ನ ಮಗಳು ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ಮಿರಗದ ಮಳೆ ಜೋರಾಗಿ ಹೊಡೆದ ವರ್ಷ ಅದು. ವರತೆಗಳೆಲ್ಲ ಹಳ್ಳದ ಕೆಂಪು ನೀರಿನಲ್ಲಿ ಮುಚ್ಚಿಹೋಗಿ, ಆ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದೆವು. ಮಗಳಿಗೆ ಭೇದಿ ಹತ್ತಿತು, ಹಿಂದೆಯೇ ವಾಂತಿ. ಅತ್ತೆ ನೀರು ಬಿಡಿಸಿದರು. ಭೇದಿಯಾದರೆ ನೀರು ಕೊಡಬಾರದು ಅನ್ನುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದು, ನನ್ನ ತವರಿನಲ್ಲೂ ಅದೇ. ಬೆಳಿಗ್ಗೆ ಮನೆಯವರು ಪೇಟೆಗೆ ಹೋದ ಮೇಲೆ ಮಗಳ ಕಣ್ಣು ಒಳಗೆ ಹೋಗಿದ್ದವು. ಅಳುತ್ತಿದ್ದಳು, ಕಣ್ಣೀರು ಬರುತ್ತಿರಲಿಲ್ಲ.

ಬಾಯಿ ಆ ದಿನ ಹಳ್ಳ ಏರುವ ಮೊದಲೇ ದಾಟಿ ಬಂದಿದ್ದರು. ಬಾಗಿಲಲ್ಲಿ ನಿಂತು ನೋಡಿದವರು ಒಳಗೆ ಬಂದು ಬಗ್ಗಿ, ಮಗಳ ಹೊಟ್ಟೆಯ ತೊಗಲು ಎರಡು ಬೆರಳಿನಲ್ಲಿ ಹಿಡಿದು ಬಿಟ್ಟರು. ಹಿಡಿದ ಹಾಗೇ ಮಡಿಕೆಯಾಗಿ ನಿಂತಿತು. ದವಾಖಾನೆಗೆ ಒಯ್ಯಬೇಕು ಅಂತ ನಾನು ಸೆರಗು ಕಟ್ಟಿದೆ. ಹೊರಗೆ ಹೋಗಿ ನೋಡಿದರೆ ಹಳ್ಳ ಎರಡೂ ದಂಡೆ ತುಂಬಿ ಹೋಗುತ್ತಿತ್ತು. ಆಚೆ ದಂಡೆಯಲ್ಲಿ ಮಂದಿ ನಿಂತಿದ್ದರು, ಅವರ ಕೂಗು ಕೇಳಿಸುತ್ತಿರಲಿಲ್ಲ.

‘ನೀರ ಯಾರ ಬಿಡಿಸಿದ್ರು?’ ಅಂತ ಬಾಯಿ ಕೇಳಿದರು. ಅವರ ದನಿ ಏರಲಿಲ್ಲ.

ಅತ್ತೆ, ಕುಡಿದಷ್ಟೂ ಹೋಗುತ್ತದೆ ಅಂದರು.

‘ಹೋಗ್ಲಿ ಯಕ್ಕಾ. ಹೋಗೂದಕಿಂತ ಒಂದ ಚಮಚಾ ಹೆಚ್ಚಿಗಿ ಹಾಕೂಣು.’

ನೀರು ಕುದಿಸಿದೆವು. ಆರಿದ ಮೇಲೆ ಬಾಯಿ ಅದಕ್ಕೆ ಬೆಲ್ಲ ಹಾಕಿ ಕದಡಿದರು, ಚಿಟಿಕೆಯಲ್ಲಿ ಉಪ್ಪು ಹಾಕಿದರು. ಮುದ್ದೇಬಿಹಾಳದಲ್ಲಿ ಇದ್ದಾಗ ಒಬ್ಬ ಡಾಕ್ಟರು ಕಲಿಸಿದ್ದಂತೆ. ಪಾತ್ರೆಯನ್ನು ಅತ್ತೆಯ ಮುಂದೆ ಹಿಡಿದರು. ‘ನೀ ರುಚಿ ನೋಡು. ಕಣ್ಣೀರಕಿಂತ ಉಪ್ಪ ಆಗಬಾರದು. ನಿನಗ ಗೊತ್ತಿರತೈತಿ.’ ಅತ್ತೆ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡರು. ಆಮೇಲೆ, ಇನ್ನೊಂದು ಚೂರು ನೀರು ಹಾಕು ಅಂದರು.

ನಾನು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಡಿಸಿದೆ. ಅವಳು ಬಾಯಿ ತೆರೆದು ಗಬಗಬ ಕುಡಿದಳು. ಕುಡಿಯಲಿ ಅಂತ ನಾನೂ ಹಾಕಿದೆ. ಎಲ್ಲ ವಾಂತಿಯಾಯಿತು. ಬಾಯಿ ನನ್ನ ಕೈಯಿಂದ ಚಮಚ ಕಿತ್ತುಕೊಂಡರು. ‘ತಾಯಿ ಕೈ ಅವಸರ ಮಾಡತೈತಿ’ ಅಂದರು. ಜೀವನವಿಡೀ ಅವಸರ ಮಾಡಿದ ಆ ಹೆಂಗಸು ಆ ದಿನ ಚಮಚ ಹಿಡಿದ ರೀತಿ ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಒಂದು ಚಮಚದ ಅರ್ಧ ಹಾಕುವುದು. ಕಾಯುವುದು. ಗಂಟಲು ಇಳಿಯಿತೋ ನೋಡುವುದು. ಮತ್ತೆ ಅರ್ಧ. ವಾಂತಿಯಾದರೆ ಒರೆಸಿ ಇನ್ನೂ ಹೆಚ್ಚು ಹೊತ್ತು ಕಾಯುವುದು. ಮತ್ತೆ ಅರ್ಧ.

ಇದೆಲ್ಲ ನಿಂತು, ನಡು ಬಗ್ಗಿಸಿ. ಅತ್ತೆ ಚಾಪೆ ಸುತ್ತಿ ಆಗಿತ್ತು, ಕಂಬಳಿ ಮಡಿಸಿ ಆಗಿತ್ತು. ಮಣೆಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ನಿಂತಿದ್ದರು. ಅದೇ ಮಣೆ. ಬಾಗಿಲಲ್ಲಿ ಓಣಿಯ ಹೆಂಗಸರು ಕೂಡಿದ್ದರು. ಯಾರೂ ಮಗಳನ್ನು ನೋಡುತ್ತಿರಲಿಲ್ಲ, ಬಾಯಿಯ ಮೊಣಕಾಲು ನೋಡುತ್ತಿದ್ದರು. ಹೊತ್ತು ಏರಿತು. ಬಾಯಿ ಒಂದು ಕೈಯನ್ನು ನಡುವಿಗೆ ಕೊಟ್ಟರು, ಆಮೇಲೆ ಗೋಡೆಗೆ ಕೊಟ್ಟರು. ಮೊಣಕಾಲು ನಡುಗಲು ಹತ್ತಿದವು. ಚಮಚದ ನೀರು ಮಗಳ ಗದ್ದದ ಮೇಲೆ ಚೆಲ್ಲಿತು. ಮತ್ತೆ ತುಂಬಿದರು, ಮತ್ತೆ ಚೆಲ್ಲಿತು.

‘ಬಾಯಿ, ಕುಂಡ್ರಿ’ ಅಂದೆ ನಾನು.

ಆ ಮನೆಯಲ್ಲಿ ಅತ್ತೆಯ ಎದುರು ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಬಾಯಿ ನನ್ನ ಕಡೆ ನೋಡಲಿಲ್ಲ, ಅತ್ತೆಯ ಕಡೆ ನೋಡಿದರು. ಅತ್ತೆ ಮಣೆ ಬಿಡಲಿಲ್ಲ. ಆಮೇಲೆ ಬಾಯಿ ಸೀರೆ ಎತ್ತಿ, ಹಸಿ ನೆಲದ ಮೇಲೆ ಚಟ್ಟನೆ ಕುಳಿತು, ಮಗಳನ್ನು ನನ್ನ ತೊಡೆಯಿಂದ ತಮ್ಮ ತೊಡೆಗೆ ಎಳೆದುಕೊಂಡರು. ಅತ್ತೆ ಮಣೆ ಹೊತ್ತುಕೊಂಡೇ ಹೊರಗೆ ಹೋದರು. ಅಂಗಳದಲ್ಲಿ ಅವರ ಅಳು ಶುರುವಾಯಿತು. ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಆ ಅಳು. ಮಗಳ ಹೆಸರು ಹಿಡಿದು ಅಳುತ್ತಿದ್ದರು. ನಾನು ಒಳಗೆ ಮಗಳ ಕಾಲು ಹಿಡಿದುಕೊಂಡು ಅದನ್ನು ಕೇಳುತ್ತಿದ್ದೆ. ಎದ್ದು ಹೋಗಿ ಅವರ ಬಾಯಿ ಮುಚ್ಚಬೇಕು ಅನಿಸುತ್ತಿತ್ತು, ಕಾಲು ಬಿಟ್ಟರೆ ಎಲ್ಲಿ ಹೋಗಿಬಿಡುತ್ತಾಳೋ ಅನಿಸುತ್ತಿತ್ತು.

ಬಾಯಿ ಏನೂ ಕೇಳಿಸದವರಂತೆ ಅರ್ಧ ಚಮಚ, ಅರ್ಧ ಚಮಚ.

ಬಿಸಿಲು ಇಳಿಯುವ ಹೊತ್ತಿಗೆ ಬಾಯಿ ತಮ್ಮ ಸೀರೆ ಮುಟ್ಟಿ ನೋಡಿಕೊಂಡರು. ಮತ್ತೆ ಮುಟ್ಟಿದರು. ಮೂಸಿ ನೋಡಿದರು. ನನ್ನ ಕೈ ಎಳೆದು ಆ ಒದ್ದೆಯ ಮೇಲೆ ಇಟ್ಟರು. ಮಗಳು ಉಚ್ಚೆ ಹೊಯ್ದಿದ್ದಳು. ನಿನ್ನೆಯಿಂದ ಹೊಯ್ದಿರಲಿಲ್ಲ.

‘ನಿಮ್ಮ ಅತ್ತೀನ ಕರಿ’ ಅಂದರು. ‘ಅಳೂದ ಸಾಕು, ರೊಟ್ಟಿ ಬಡಿ ಅನ್ನು. ನನಗ ಹಸಿವಾಗೈತಿ.’

ಇನ್ನು ಮೇಲೆ ಓಣಿಯವರು ಬಾಯಿಗೆ ಚಾಪೆ ಹಾಸುತ್ತಾರೆ ಅಂತ ನಾನು ತಿಳಿದಿದ್ದೆ. ಹಾಸಲಿಲ್ಲ. ಮೊದಲು ಮೂವರು ಹೋದಾಗ ಬಾಯಿ ಮಣೆಯ ಮೇಲೋ ಚಾಪೆಯ ಮೇಲೋ ಕುಳಿತಿದ್ದರು, ಈ ಸಲ ಬರಿ ನೆಲದ ಮೇಲೆ ಕುಳಿತರು, ಕೂಸು ಉಳಿಯಿತು, ಹಾಗಾಗಿ ಬರಿ ನೆಲಕ್ಕೆ ದೋಷವಿಲ್ಲ ಅಂತ ನಮ್ಮ ಓಣಿ ತೀರ್ಮಾನ ಮಾಡಿತು. ತೀರ್ಮಾನ ಮಾಡಿದವರು ಯಾರು ಅಂತ ಹೇಳಬೇಕಾಗಿಲ್ಲ. ಅಂದಿನಿಂದ ಬಾಯಿ ಬರುವ ದಿನ ಪ್ರತಿ ಮನೆಯವರೂ ಬಾಗಿಲ ಹತ್ತಿರ ಒಂದು ಮೊಳ ನೆಲ ಗುಡಿಸಿ ಸೆಗಣಿಯಿಂದ ಸಾರಿಸಿ ಇಡುತ್ತಿದ್ದರು. ಅಲ್ಲಿ ಮನೆಯವರು ಕಾಲಿಡುತ್ತಿರಲಿಲ್ಲ, ಕೋಳಿ ಬಂದರೆ ಓಡಿಸುತ್ತಿದ್ದರು. ಆದರೂ ಕುಂಡ್ರಿ ಅಂತ ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ, ಕಣ್ಣಿನಿಂದ ಜಾಗ ತೋರಿಸುತ್ತಿದ್ದರು. ಬಾಯಿ ಆ ಸಾರಿಸಿದ ನೆಲ ನೋಡಿ, ನಮ್ಮ ಮುಖ ನೋಡಿ, ನಗು ತಡೆದುಕೊಂಡು, ಬಾಗಿಲಲ್ಲೇ ನಿಂತು ಕೇಳುವುದನ್ನು ಕೇಳಿ ಹೋಗುತ್ತಿದ್ದರು. ಸಾರಿಸಿದ ಜಾಗದ ಮೇಲೆ ಎಂದಾದರೂ ಒಮ್ಮೆ ಕುಳಿತರೆ ಆ ಮನೆಯವರಿಗೆ ಹಬ್ಬ. ನೀರು ಮಾತ್ರ ಕುಡಿಯುತ್ತಿರಲಿಲ್ಲ.

ಆಮೇಲೆ ಮಕ್ಕಳಾಗದ ಹಾಗೆ ಮಾಡುವ ಆಪರೇಶನ್ನಿನ ವರ್ಷ ಬಂತು. ಬಿಳಿ ಸೀರೆ ಹಳ್ಳದಲ್ಲಿ ಕಂಡರೆ ಸಾಕು, ಗಂಡಸರು ಜೋಳದ ಹೊಲ ಹೊಗುತ್ತಿದ್ದರು. ಸಾರಿಸಿದ ನೆಲಗಳು ಹಾಗೇ ಒಣಗಿದವು. ಬಾಯಿ ಓಣಿಯ ತುದಿಯಲ್ಲಿ ನಿಂತು, ಆಪರೇಶನ್ ಮಾಡಿಸಿಕೊಳ್ಳಿರಿ ಅಂತ ಹೇಳುವುದು ನನ್ನ ಕೆಲಸ, ಹೇಳುತ್ತೇನೆ, ಹಿಡಿದು ಎಳೆದೊಯ್ಯುವುದು ನನ್ನ ಕೆಲಸವಲ್ಲ, ನನ್ನ ಹಿಂದೆ ಜೀಪು ಬಂದರೆ ಮೊದಲು ನಾನೇ ಕೂಗುತ್ತೇನೆ ಅಂತ ಗಟ್ಟಿಯಾಗಿ ಹೇಳಿದರು. ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಮುಂದೆ ಕೆಲವೇ ದಿನಗಳಲ್ಲಿ ಅವರಿಗೆ ಇಂಡಿಗೆ ಬದಲಿಯಾಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಹೋಗುವ ದಿನ ಓಣಿಗೆ ಬಂದವರು ಮನೆಮನೆಯ ಬಾಗಿಲಲ್ಲಿ ಎಂದಿನಂತೆ ಕೇಳುವುದನ್ನೆಲ್ಲ ಕೇಳುತ್ತ ಹೋದರು. ನಮ್ಮ ಉತ್ತರ ಹಿಂದಿನಿಂದ ಕೂಗಿ ಹೇಳಿದೆವು. ಹಳ್ಳ ದಾಟುವ ತನಕ ಕೂಗಿದೆವು.

ಈ ವರ್ಷ ಇಂಡಿಯಿಂದ ಬಂದ ಬಸ್ಸಿನ ಕಂಡಕ್ಟರು ಒಬ್ಬರು ಪೇಟೆಯಲ್ಲಿ ನಮ್ಮ ಮನೆಯವರಿಗೆ ಸುದ್ದಿ ಹೇಳಿದರು. ಬಾಯಿಗೆ ಹೊಟ್ಟೆಯಲ್ಲಿ ಗಡ್ಡೆ, ವಿಜಾಪುರದ ದವಾಖಾನೆಯವರು ಮನೆಗೆ ಒಯ್ಯಿರಿ ಅಂದಿದ್ದಾರೆ ಅಂತ. ನಾನು ಹೊರಟೆ. ಅತ್ತೆ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ನನ್ನ ಹಿಂದೆ ಬಸ್ಸು ಹತ್ತಿದರು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟೆವು.

ಬಾಯಿ ಇದ್ದದ್ದು ಇಂಡಿಯಲ್ಲಿ, ತಮ್ಮ ಅಣ್ಣನ ಮನೆಯಲ್ಲಿ. ಮಂಚದ ಮೇಲೆ ಮಲಗಿದ್ದರು. ಸಣ್ಣ ಹುಡುಗಿಯಷ್ಟಾಗಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಚೆಂಡುಹೂವಿನ ಮಾಲೆ. ಯಾವ ಜಾತಿ ಅಂತ ಓಣಿಯವರು ವರ್ಷಗಟ್ಟಲೆ ಕೇಳಿದ್ದಕ್ಕೆ ಉತ್ತರ ಅಲ್ಲಿತ್ತು. ಅತ್ತೆ ಅದನ್ನು ನೋಡಿದರು. ಬಾಯಿಯ ಅತ್ತಿಗೆ ಎರಡು ಗ್ಲಾಸು ನೀರು ತಂದು ಹಿಡಿದು ನಿಂತರು. ಅತ್ತೆ ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಗ್ಲಾಸು ಕೊಡವ್ವ ಅಂದರು. ಬಾಯಿ ಮಂಚದ ಮೇಲಿನಿಂದ ನೋಡುತ್ತಿದ್ದರು.

ಅತ್ತಿಗೆ ಕುರ್ಚಿ ತಂದರು. ಅತ್ತೆ ಬೇಡ ಅಂದರು. ಮಂಚದ ಹತ್ತಿರ ಸೆರಗಿನ ಚುಂಗಿನಿಂದ ನೆಲ ಒರೆಸಿ, ಬರಿ ನೆಲದ ಮೇಲೆ ಕುಳಿತರು. ಬಾಯಿಗೆ ನಗು ಬಂತು. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕರು. ಏನೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂತ ಅತ್ತಿಗೆ ಹೇಳಿದರು. ಅತ್ತೆ ನೀರು ಕುದಿಸಿ ತರಿಸಿ, ಆರಿಸಿ, ಸೆರಗಿನ ಬೆಲ್ಲ ಬಿಚ್ಚಿ ಹಾಕಿ, ಉಪ್ಪು ಹಾಕಿ, ತಾವೇ ರುಚಿ ನೋಡಿದರು. ಚಮಚ ಹಿಡಿದರು. ಅರ್ಧ ಹಾಕುವುದು, ಕಾಯುವುದು, 'ನುಂಗು ತಂಗಿ' ಅನ್ನುವುದು. ಅಲ್ಲಿಯ ತನಕ ಅವರು ಬಾಯಿಗೆ ತಂಗಿ ಅಂದದ್ದನ್ನು ನಾನು ಕೇಳಿರಲಿಲ್ಲ. ಅವರ ಕೈ ಅವಸರ ಮಾಡಲಿಲ್ಲ.

ಬಾಯಿ ಓಣಿಯ ಒಬ್ಬೊಬ್ಬರನ್ನೇ ಕೇಳಿದರು. ಅರ್ಧ ಕೇಳಿ ಇನ್ನೊಬ್ಬರಿಗೆ ಹೋಗುತ್ತಿದ್ದರು. ಕಾಲು ನಿಂತರೂ ಮಾತಿನ ಓಡಾಟ ನಿಂತಿರಲಿಲ್ಲ. ನಳ ಬಂತೇ ಅಂದರು. ಇಲ್ಲ ಅಂದೆ. ಕುದಿಸಿ ಕುಡಿಯುತ್ತೀರಿ ತಾನೇ ಅಂದರು. ಹೌದು ಅಂದೆ. ಬಸ್ಸಿನ ಹೊತ್ತಾಯಿತು. ಅದು ತಪ್ಪಿದರೆ ಆ ದಿನ ಸಿಂದಗಿಗೆ ಬೇರೆ ಬಸ್ಸು ಇರಲಿಲ್ಲ. ನಾನು ಎದ್ದೆ. ಅತ್ತೆ ಏಳಲಿಲ್ಲ.

ಏಳ್ರಿ, ಬಸ್ಸು ಹೋಗುತ್ತದೆ ಅಂತ ಬಾಯಿಯೇ ಹೇಳಿದರು.

‘ನಾ ಎದ್ದರ...’ ಅಂದು ಅತ್ತೆ ಮಂಚದ ಕಾಲು ಹಿಡಿದರು.

ಬಾಯಿ ಮುಖವನ್ನು ಅವರ ಕಡೆ ಹೊರಳಿಸಿದರು. ‘ಯಕ್ಕಾ, ನಾ ಕುಂತರ ಸಾಯ್ತಾರಂತ ಮೊದಲ ಹೇಳಿದಾಕಿ ನೀನ. ಈಗ ನೀ ಎದ್ದರ ಸಾಯ್ತಾರಂತ ನೀನ ಹೇಳಾಕತ್ತಿ. ಯಾವದರ ಒಂದ ಕಡಿ ನಿಲ್ಲು.’

ಮಾತು ಯಾರ ಬಾಯಿಂದ ಹೊರಟಿತ್ತು ಅನ್ನುವುದು ಅವರಿಗೆ ಮೊದಲಿನಿಂದ ಗೊತ್ತಿತ್ತು ಅಂತ ನಮಗೆ ತಿಳಿದದ್ದು ಆಗ.

‘ನಿಲ್ಲಂಗಿಲ್ಲ’ ಅಂದರು ಅತ್ತೆ. ‘ಕುಂಡ್ರತೇನಿ.’

‘ಮನ್ಯಾಗ ಕೂಸು ಒಂದ ಐತಿ. ಏಳು.’

ಕೂಸಿನ ಹೆಸರು ತೆಗೆದರೆ ಅತ್ತೆ ಏಳುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಅತ್ತೆ ಚಮಚವನ್ನು ಅತ್ತಿಗೆಯ ಕೈಗೆ ಕೊಟ್ಟು, ಅವಸರ ಮಾಡಬೇಡ ಅಂತ ಹೇಳಿ, ನೆಲಕ್ಕೆ ಕೈ ಊರಿ ಎದ್ದರು. ಬಾಗಿಲಲ್ಲಿ ನಿಂತು ಹಿಂದೆ ನೋಡಿದಾಗ ಬಾಯಿ ಕೈಯಿಂದ ಹೋಗ್ರಿ ಹೋಗ್ರಿ ಅಂತ ಸನ್ನೆ ಮಾಡಿದರು. ‘ಚಲಾ ಚಲಾ’ ಅಂದಿರಬೇಕು, ತುಟಿ ಆಡಿದ್ದು ಕಂಡಿತು.

ಮುಂದಿನ ಸಂತೆಯೊಳಗೆ ಸುದ್ದಿ ಬಂತು. ಅದೇ ಕಂಡಕ್ಟರು ತಂದರು. ಅತ್ತೆ ಆ ದಿನ ಹಾಡಿಕೊಂಡು ಅಳಲಿಲ್ಲ. ಅಂಗಳದಲ್ಲಿ ನಿಂತು, ‘ನಾ ಏಳಬಾರದಿತ್ತು’ ಅಂದರು. ನೀವು ಎದ್ದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಅವರಿಗೆ ಗಡ್ಡೆಯಾಗಿತ್ತು ಅಂತ ನಾನು ಹೇಳಿದೆ. ಈಗ ನಾನು ಅವರ ಎದುರು ಮಾತಾಡುತ್ತೇನೆ. ಅವರು ಕೇಳಿಸಿಕೊಂಡರು. ಸಂಜೆ ಮತ್ತೆ ಅದನ್ನೇ ಅಂದರು. ಹಗಲೆಲ್ಲ ತಿಳಿವಳಿಕೆ ಹೇಳುವ ನಾನು, ಬಸ್ಸು ಬಿಟ್ಟಿದ್ದರೆ ಏನಾಗುತ್ತಿತ್ತು, ಆ ದಿನ ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಅಂತ ಒಲೆಯ ಮುಂದಿನಿಂದ ಎದ್ದೆದ್ದು ಬಾಗಿಲಿಗೆ ಹೋಗುತ್ತೇನೆ.

ನಿನ್ನೆ ಹೊಸ ನರ್ಸು ಬಂದಿದ್ದಳು. ಇನ್ನೂ ಚಿಕ್ಕ ಹುಡುಗಿ, ಹಳ್ಳ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಳು. ನಮ್ಮ ಬಾಗಿಲಲ್ಲಿ ನಿಂತು ಮನೆಯಲ್ಲಿ ಯಾರಿಗಾದರೂ ಜ್ವರವೇ ಅಂತ ಕೇಳಿದಳು. ಹೊರಡುವ ಅವಸರದಲ್ಲಿದ್ದಳು. ಅತ್ತೆ ಒಳಗೆ ಹೋದರು. ನೆಲ ಸಾರಿಸುತ್ತಾರೇನೋ ಅಂದುಕೊಂಡೆ. ಮಣೆ ತಂದರು. ಸೆರಗಿನಿಂದ ಒರೆಸಿ, ಆ ಹುಡುಗಿಯ ಕಾಲ ಹತ್ತಿರ ಇಟ್ಟರು.

‘ಕುಂಡ್ರವ್ವಾ’ ಅಂದರು. ‘ಏನೂ ಆಗಂಗಿಲ್ಲ.’

ಹುಡುಗಿಗೆ ಏನೂ ತಿಳಿಯಲಿಲ್ಲ. ಏನಾಗುತ್ತದೆ ಅಂತ ಕೇಳುವವಳಂತೆ ನನ್ನ ಮುಖ ನೋಡಿದಳು. ಆಮೇಲೆ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಅತ್ತೆ ಅವಳ ಎದುರು ನೆಲದ ಮೇಲೆ ಕುಳಿತರು. ನಾನು ಚಹಾಕ್ಕೆ ನೀರಿಟ್ಟು ಬಂದೆ, ಮತ್ತೆ ಒಳಗೆ ಹೊರಟವಳು ನಿಂತು, ಅವರಿಬ್ಬರ ಹತ್ತಿರ ಕುಳಿತೆ. ನೀರು ಕುದಿಯುವ ತನಕ ಏಳಲಿಲ್ಲ.